ಇಪ್ಪತ್ನಾಲ್ಕಕ್ಕೆ ಹಾಲು ಉಕ್ಕಿತು

ಉಕ್ಕಿ ಸೀದು ಹೋದ ಹಾಲು ಗೋಂದಿಗಿಂತ ಗಟ್ಟಿ. ನಂಬಿಕೆ ಇಲ್ಲದಿದ್ದರೆ ಬಂದು ನಮ್ಮನೆ ಒಲೆ ನೋಡಿ. ಒಂದು ಸಲ ಉಜ್ಜಿ ಸೋತೆ. ಬಿಸಿನೀರು ಸುರಿದು ನೆನೆಯಲು ಬಿಟ್ಟು, ಆ ಸಿಟ್ಟು ಆರುವ ಮೊದಲೇ ಇದನ್ನು ಬರೆಯಲು ಕೂತಿದ್ದೇನೆ.

ಹಾಲು ಉಕ್ಕುವುದು ಹೊಸ ಸುದ್ದಿಯೇನಲ್ಲ ಬಿಡಿ. ನಾವು ಎದುರಿಗೆ ನಿಂತು ಕಾಯುವಷ್ಟು ಹೊತ್ತು ಸಾಧುವಿನ ಹಾಗೆ ಇರುತ್ತದೆ, ಸಕ್ಕರೆ ಡಬ್ಬಿ ತೆಗೆಯಲು ಆಕಡೆ ತಿರುಗಿದೆವೋ, ಮುಗೀತು. ಆದರೆ ಇವತ್ತು ನಮ್ಮನೆಯಲ್ಲಿ ಉಕ್ಕಿದ ಹಾಲಿಗೆ ಕಾವಲಿತ್ತು. ಒಲೆಯಿಂದ ನಾಲ್ಕು ಅಡಿ ದೂರದಲ್ಲಿ, ಕುರ್ಚಿ ಹಾಕಿಕೊಂಡು, ಎರಡೂ ಕಣ್ಣು ಬಿಟ್ಟುಕೊಂಡು ನಮ್ಮ ಮನೆಯವರು ಕೂತಿದ್ದರು. ಬಾಯಲ್ಲಿ ಹಸಿ ಕ್ಯಾರೆಟ್ ಇತ್ತು. ಲೆಕ್ಕ 24ಕ್ಕೆ ಬಂದಿತ್ತು. 32 ಆಗುವವರೆಗೆ ಅವರು ಮಾತಾಡುವ ಹಾಗಿಲ್ಲ, ಏಳುವ ಹಾಗೂ ಇಲ್ಲ.

ಇದೆಲ್ಲ ಶುರುವಾಗಿದ್ದು ಒಂದು ರಕ್ತ ಪರೀಕ್ಷೆಯಿಂದ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತಲ್ಲ, ಆ ಟೆಸ್ಟಿನಲ್ಲಿ ಇವರಿಗೆ 5.9 ಬಂತು. 5.7ರಿಂದ 6.4ರವರೆಗೆ ಗಡಿ, 6.5 ಮುಟ್ಟಿದರೆ ಡಯಾಬಿಟಿಸ್. ಗಾಬರಿ ಬೇಡ, ನಡೆಯಿರಿ, ತರಕಾರಿ ಜಾಸ್ತಿ ತಿನ್ನಿ, ಪ್ಯಾಕೆಟ್ ತಿಂಡಿ ಬಿಡಿ, ನಿಧಾನಕ್ಕೆ ಊಟ ಮಾಡಿ ಅಂದರು ಡಾಕ್ಟರು. ಒಳ್ಳೆಯ ಮಾತು. ಆದರೆ ನಮ್ಮ ಮನೆಯವರಿಗೆ 'ನಿಧಾನಕ್ಕೆ' ಅಂದರೆ ಸಾಲದು. ಎಷ್ಟು ನಿಧಾನ ಅಂತ ಸಂಖ್ಯೆ ಬೇಕು.

ಮೊದಲ ಹದಿನೈದು ದಿನ ಪ್ಯಾಕೆಟ್ ಓದುವ ಕಾಲ. ಯಾವುದರ ತೂಕ ಜಾಸ್ತಿಯೋ ಅದರ ಹೆಸರೇ ಪಟ್ಟಿಯಲ್ಲಿ ಮೊದಲು ಬರಬೇಕಂತೆ. ಓಟ್ಸ್ ಬಿಸ್ಕತ್ತಿನಲ್ಲಿ ಓಟ್ಸ್ ಐದನೇ ಸ್ಥಾನದಲ್ಲಿತ್ತು, ಮೂರು ದಿನ ಅದೇ ದುಃಖ. ಸಕ್ಕರೆ ಒಂದೇ ಹೆಸರಿನಲ್ಲಿ ಇದ್ದರೆ ಮೇಲೆ ಕಾಣುತ್ತದೆ ಅಂತ ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂದು ಹೆಸರು ಬದಲಿಸಿಕೊಂಡು ಕೆಳಗೆ ಅಡಗಿ ಕೂತಿರುತ್ತದೆ, ಅದನ್ನು ಇವರು ಅಂಗಡಿಯ ನಡುದಾರಿಯಲ್ಲಿ ನಿಂತು ಪತ್ತೆದಾರನ ಹಾಗೆ ಹಿಡಿಯುವುದು, ಹಿಡಿದದ್ದನ್ನು ಪಕ್ಕದಲ್ಲಿರುವ ಅಪರಿಚಿತರಿಗೆಲ್ಲ ತೋರಿಸುವುದು, ಆಗ ನಾನು ಇವರ ಜೊತೆ ಬಂದವಳೇ ಅಲ್ಲ ಎನ್ನುವ ಹಾಗೆ ಸೋಪಿನ ಸಾಲಿಗೆ ಹೋಗಿಬಿಡುವುದು.

ಆಮೇಲೆ ಮೊಳಕೆ ಕಾಳು ಬಂತು. ಅದರ ಬಗ್ಗೆ ಜಾಸ್ತಿ ಬರೆಯುವುದು ಮರ್ಯಾದೆಯಲ್ಲ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತವೆ, ಗ್ಯಾಸ್ ಹುಟ್ಟುತ್ತದೆ. ಒಂದೇ ದಿನದಲ್ಲಿ ಬಟ್ಟಲುಗಟ್ಟಲೆ ಶುರು ಮಾಡಬಾರದು ಎಂಬುದು ನಮಗೆ ಲಿಫ್ಟಿನಲ್ಲಿ ಗೊತ್ತಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಎಲ್ಲಿ ಓದಿದರೋ, ಒಂದು ರಾತ್ರಿ ಊಟಕ್ಕೆ ಕೂತಾಗ, "ನೋಡೇ, ಒಂದೊಂದು ತುತ್ತನ್ನೂ 32 ಸಲ ಅಗಿಯಬೇಕು. ಹಲ್ಲಿಗೊಂದು ಸಲ" ಅಂದರು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಹಾಗೆ ಹೇಳುತ್ತಿದ್ದರಂತೆ. ಅಮೆರಿಕದಲ್ಲಿ ಹೊರೇಸ್ ಫ್ಲೆಚರ್ ಅಂತ ಇನ್ನೊಬ್ಬ ಪುಣ್ಯಾತ್ಮ ಇದ್ದ, 1919ರಲ್ಲಿ ತೀರಿಕೊಂಡ. ಬಾಯಲ್ಲಿ ಇದ್ದದ್ದು ನೀರಾಗುವವರೆಗೆ ಅಗಿಯಬೇಕು, ಹಾಲನ್ನೂ ಅಗಿದೇ ಕುಡಿಯಬೇಕು ಅನ್ನುತ್ತಿದ್ದನಂತೆ. ಹಾಲಿನ ವಿಷಯ ನನ್ನ ಹತ್ತಿರ ಇವತ್ತು ಯಾರೂ ಎತ್ತಬೇಡಿ.

ಅಂದಹಾಗೆ ನಮ್ಮ ಮನೆಯವರಿಗೆ ಇರುವುದು 28 ಹಲ್ಲು. ಬುದ್ಧಿ ಹಲ್ಲು ನಾಲ್ಕನ್ನೂ ಎಂದೋ ಕೀಳಿಸಿಕೊಂಡಿದ್ದಾರೆ. ಇದರ ಮೇಲೆ ನಾನೇನೂ ಹೇಳುವುದಿಲ್ಲ.

ಅಗಿಯುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಪ್ರಾಮಾಣಿಕ ಮನುಷ್ಯ, ಅಂದಾಜಿನಲ್ಲಿ ಮುಗಿಸುವುದಿಲ್ಲ. ಬಾಳೆಹಣ್ಣು ಹತ್ತು ಅಗಿತಕ್ಕೇ ಕರಗಿ ಗಂಟಲಲ್ಲಿ ಇಳಿದಿರುತ್ತದೆ, ಉಳಿದ 22 ಸಲ ಸುಮ್ನೆ ಗಾಳಿ ಅಗಿಯುತ್ತಾರೆ. ಎದುರು ಕೂತವರಿಗೆ ಅದನ್ನು ನೋಡುವುದು ಎಂಥ ಶಿಕ್ಷೆ ಅಂತ ಹೇಳಲಾರೆ. ಕಣ್ಣು ಎಲ್ಲೋ ದೂರದಲ್ಲಿ, ದವಡೆ ಗಡಿಯಾರದ ಹಾಗೆ, ಹಣೆಯಲ್ಲಿ ಸಣ್ಣ ಗಂಟು. ನೋಡುತ್ತಾ ನೋಡುತ್ತಾ ನಾನೂ ಎಣಿಸಲು ಶುರು ಮಾಡಿರುತ್ತೇನೆ, ನನ್ನ ಸಾರು ಆರಿರುತ್ತದೆ.

ಮಾತಿಲ್ಲದ ಮೇಲೆ ಕೈಸನ್ನೆ ಹುಟ್ಟಿತು, ಎಡಗೈಯಲ್ಲಿ. ಒಂದು ಬೆರಳು ಎತ್ತಿದರೆ 'ತಡಿ'. ಅಂಗೈ ಅಲ್ಲಾಡಿಸಿದರೆ 'ಉಪ್ಪು ಜಾಸ್ತಿ'. ಗಾಳಿಯಲ್ಲಿ ಸುತ್ತು ಬರೆದರೆ ನೀರು ಬೇಕು ಅಂತಲೋ, ಫ್ಯಾನ್ ಹಾಕು ಅಂತಲೋ, ಇನ್ನೂ ತೀರ್ಮಾನವಾಗಿಲ್ಲ. ಹೋದ ವಾರ ಊಟದ ನಡುವೆ ಆಫೀಸಿನ ಸಾಹೇಬರ ಫೋನ್ ಬಂತು. ಇವರು 19ರಲ್ಲಿದ್ದರು. ಬಿಡಲೂ ಆಗದೆ, ನುಂಗಲೂ ಆಗದೆ "ಹ್ಞೂಂ... ಹ್ಞೂಂ... ಹ್ಞೂಂಹ್ಞೂಂ" ಅಂದರು. 32 ಮುಗಿದಾಗ ಭಾನುವಾರ ಆಫೀಸಿಗೆ ಬರಲು ಒಪ್ಪಿಕೊಂಡಾಗಿತ್ತು.

ಮಗಳ ಮೇಲೂ ಪ್ರಯೋಗ ನಡೆಯಿತು. ಅನ್ನವನ್ನು ತುಂಬ ಹೊತ್ತು ಅಗಿದರೆ ಜೊಲ್ಲಿನಲ್ಲಿರುವ ರಸಕ್ಕೆ ಪಿಷ್ಟ ಒಡೆದು ಸಿಹಿಯಾಗುತ್ತದೆ ಅಂತ ಅವಳಿಗೆ ಪಾಠ. ಪಾಪ, ಅಗಿದಳು.

"ಏನಾಯ್ತು ಈಗ?"

"ಬೋರಾಯ್ತು ಅಪ್ಪ."

ಈಗ ಇವತ್ತಿನ ಬೆಳಗ್ಗೆಗೆ ಬರುತ್ತೇನೆ. ಹಾಲು ಒಲೆಗಿಟ್ಟು, "ರೀ, ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಸ್ನಾನಕ್ಕೆ ಹೋದೆ. ಎಡಗೈ ಹೆಬ್ಬೆರಳು ಎತ್ತಿದರು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಚಪ್ಪಾಳೆ ಕೇಳಿಸಿತು. ಒಂದಲ್ಲ ಎರಡಲ್ಲ, ನಿಲ್ಲದ ಚಪ್ಪಾಳೆ. ಚಪ್ಪಾಳೆ ತಟ್ಟಿದರೆ ರಕ್ತ ಓಡಾಡುತ್ತದೆ ಅಂತ ಪಾರ್ಕಿನಲ್ಲಿ ಕೆಲವರು ತಟ್ಟುತ್ತಾರಲ್ಲ, ಓಹೋ, ಅದೂ ಇವತ್ತಿಂದ ಶುರುವಾಯಿತು, ಒಳ್ಳೆಯದೇ ಅಂದುಕೊಂಡು ನಾನು ಇನ್ನೊಂದು ಮಗ್ ನೀರು ಹಾಕಿಕೊಂಡೆ. ಚಪ್ಪಾಳೆ ಜೋರಾಯಿತು. ಆಮೇಲೆ ನಿಂತಿತು. ಆಮೇಲೆ ಮಾತು ಕೇಳಿಸಿತು.

"ಹಾಲು!"

ಸೀದ ವಾಸನೆ ಅದಕ್ಕಿಂತ ಮೊದಲೇ ಬಚ್ಚಲಿಗೆ ಬಂದಿತ್ತು. ಒದ್ದೆ ತಲೆಯಲ್ಲೇ ಓಡಿ ಬಂದರೆ ಪಾತ್ರೆಯಲ್ಲಿ ತಳದಲ್ಲಿ ಒಂದಿಷ್ಟು, ಉಳಿದದ್ದು ಬರ್ನರಿನೊಳಗೆ, ಕಟ್ಟೆಯ ಮೇಲೆ, ಕಟ್ಟೆಯಿಂದ ಕೆಳಗೆ ಇಟ್ಟಿದ್ದ ಈರುಳ್ಳಿ ಬುಟ್ಟಿಗೆ.

"ಅಗೀತಾನೇ ಎದ್ದು ಆಫ್ ಮಾಡಬಹುದಿತ್ತಲ್ವಾ?"

"ಎದ್ರೆ ಲೆಕ್ಕ ತಪ್ಪುತ್ತೆ ಕಣೇ. 24 ಆಗಿತ್ತು. ಇನ್ನು ಎಂಟೇ ಅಲ್ವಾ ಅಂದ್ಕೊಂಡೆ."

ಇದಕ್ಕೆ ಏನು ಹೇಳುವುದು? ನಾನು ಬಾಯಿ ತೆರೆಯುವ ಮೊದಲೇ ಹಾಲು ಯಾಕೆ ಉಕ್ಕುತ್ತದೆ ಅಂತ ವಿವರಣೆ ಬೇರೆ. ಪ್ರೋಟೀನು, ಕೊಬ್ಬು ಸೇರಿ ಮೇಲೆ ಪದರ ಕಟ್ಟುತ್ತದಂತೆ, ಕೆಳಗಿನ ಆವಿ ಅದರಡಿ ಸಿಕ್ಕಿಕೊಂಡು ಪದರವನ್ನೇ ಎತ್ತಿಬಿಡುತ್ತದಂತೆ. ಇಷ್ಟು ಹೇಳಿ ಇನ್ನೊಂದು ಕ್ಯಾರೆಟ್ ತುಂಡು ಬಾಯಿಗೆ ಹಾಕಿಕೊಂಡರು. ನಾನು ಬೈದದ್ದಕ್ಕೆಲ್ಲ ಒಂದು ಬೆರಳು ಎತ್ತಿ ತೋರಿಸಿದರು. ತಡಿ.

ಬೈಗುಳ ಹಾಗೆ ತಡೆಯುತ್ತದಾ? ಆರಿ ಹೋಯಿತು.

ಇಷ್ಟು ಬರೆದು ಎದ್ದು ಹೋಗಿದ್ದೆ. ಈಗ ರಾತ್ರಿ. ಸಿಟ್ಟು ಸ್ವಲ್ಪ ಇಳಿದಿದೆ, ಕಲೆ ಇಳಿದಿರಲಿಲ್ಲ.

ನಿಜ ಹೇಳಬೇಕೆಂದರೆ, ಇವರು ಮೊದಲು ಎಷ್ಟು ಬೇಗ ತಿನ್ನುತ್ತಿದ್ದರೋ ಅಷ್ಟೇ ಜಾಸ್ತಿ ಮಾತಾಡುತ್ತಿದ್ದರು. ಬಾಯಲ್ಲಿ ಅನ್ನ, ಅದರ ಮೇಲೆ ಆಫೀಸು. "ಮೊದಲು ನುಂಗಿ, ಆಮೇಲೆ ಹೇಳಿ" ಅಂತ ಮದುವೆಯಾದಾಗಿನಿಂದ ಬೈದಿದ್ದು ನಾನೇ. ಸಾಹೇಬರ ನಾಯಿಗೆ ಯಾವ ಬಿಸ್ಕತ್ತು ಇಷ್ಟ ಅಂತಲೂ ನನಗೆ ಗೊತ್ತಿತ್ತು. ಪಕ್ಕದ ಸೀಟಿನವರ ಮಗಳು ಯಾವುದೋ ಇಂಟರ್‌ವ್ಯೂಗೆ ಹೋಗಿದ್ದಾಳೆ ಎಂಬಲ್ಲಿಗೆ ಕಥೆ ನಿಂತು, ಅಗಿತ ಶುರುವಾಯಿತು. ಆ ಹುಡುಗಿಗೆ ಕೆಲಸ ಸಿಕ್ಕಿತೋ ಇಲ್ಲವೋ, ನನಗೆ ಇವತ್ತಿನವರೆಗೂ ಗೊತ್ತಾಗಿರಲಿಲ್ಲ. ಊಟದ ಹೊತ್ತಿನಲ್ಲಿ ಈಗ ಮನೆಯಲ್ಲಿ ಕೇಳುವುದು ದವಡೆ ಸದ್ದು, ಫ್ಯಾನಿನ ಸದ್ದು. ಊಟ ಮುಗಿಯುವಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಬೇಡ ಅನ್ನಲೂ ಆಗುವುದಿಲ್ಲ. ಆ 5.9 ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವಳೇ ನಾನು.

ರಾತ್ರಿ ಊಟ ಮುಗಿದ ಮೇಲೆ ಉಜ್ಜುವ ನಾರನ್ನು ಅವರ ಕೈಗೆ ಕೊಟ್ಟೆ. "ನೀವೇ ಉಜ್ಜಿ. ಬೇಕಾದ್ರೆ ಎಣಿಸ್ಕೊಳ್ಳಿ" ಅಂದೆ. ತೋಳು ಮಡಚಿ ಶುರು ಮಾಡಿದರು. ಸ್ವಲ್ಪ ಹೊತ್ತು ಎಣಿಸಿದರು ಅಂತ ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು. ಆಮೇಲೆ, ಬಾಯಿ ಖಾಲಿ ಇತ್ತಲ್ಲ, ಮಾತು ಶುರುವಾಯಿತು. ಪಕ್ಕದ ಸೀಟಿನವರ ಮಗಳಿಗೆ ಕೆಲಸ ಸಿಕ್ಕಿ ತಿಂಗಳಾಯಿತಂತೆ. ಅವರು ಆಫೀಸಿಗೆಲ್ಲ ಸ್ವೀಟು ಹಂಚಿದರಂತೆ, ಇವರು ತಿನ್ನಲಿಲ್ಲವಂತೆ, ಅರ್ಧ ಮಾತ್ರ ತಿಂದರಂತೆ, ಸಾಹೇಬರ ನಾಯಿಗೆ ಅದೇನೋ ಕಾಲುನೋವಂತೆ.

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಒಲೆಯ ಕಲೆ ಹೋಗಿ ಎಷ್ಟೋ ಹೊತ್ತಾಗಿತ್ತು. ನಾನು ಹೇಳಲಿಲ್ಲ.