ವರ್ತೂರಿನ ಹಿಮಕ್ಕೆ ಮಿನ್ನೆಸೋಟಾದ ಮದ್ದು

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಅಂದರೆ ಈ ಊರಿನ ಅತ್ಯಂತ ಚಳಿಯ ರಾತ್ರಿಯಲ್ಲಿಯೂ ಬಚ್ಚಲ ತೊಟ್ಟಿಯ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇರಲಿಲ್ಲ. ಇಂಥ ಊರಿನಲ್ಲಿ ನನ್ನ ಅಕ್ಕನ ಗಂಡ, ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಿಂದ ನಿವೃತ್ತರಾದ ಸಂಭಾವಿತ ಮನುಷ್ಯ, ತಮ್ಮ ತಂದೆಯ ಕಾಲದ ಟ್ರ್ಯಾಕ್ಟರಿನ ಮೂತಿಗೆ ಹಿಮ ತಳ್ಳುವ ಬ್ಲೇಡು ಕಟ್ಟಿಸಿದರು. ಭಾವನವರಿಗೆ ತಲೆ ಕೆಟ್ಟಿದೆ ಎಂದು ಬಂಧುಗಳು ಹೇಳಿದ್ದು ಅವಸರದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ವರ್ತೂರು ಕೆರೆಯ ಕೋಡಿಯಿಂದ ಕೂಗಳತೆಯ ದೂರದಲ್ಲಿ ಮನೆ ಮಾಡಿಕೊಂಡಿದ್ದವರಿಗೆ ಆಗ ಹಿಮಪಾತವೆಂಬುದು ಹವಾಮಾನ ಇಲಾಖೆಗೆ ಸಂಬಂಧಿಸಿದ ವಿಷಯವಾಗಿರಲಿಲ್ಲ.

2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಆ ಕೆರೆಯ ನೀರೇ ಮುಂದೆ ವರ್ತೂರಿಗೆ ಬಂದು, ಅಲ್ಲಿಂದ ದಕ್ಷಿಣ ಪಿನಾಕಿನಿಯ ಕಡೆಗೆ ಹೊರಡುತ್ತದೆ. ಊರಿನ ಬಟ್ಟೆ ಒಗೆದ, ಪಾತ್ರೆ ತೊಳೆದ ಸಾಬೂನಿನ ಅಂಶ ಚರಂಡಿಯ ಮೂಲಕ ಕೆರೆಗೆ ಸೇರಿ, ತಳದ ಹೂಳಿಗೆ ಅಂಟಿಕೊಂಡು ಕುಳಿತಿರುತ್ತಿತ್ತು. ಜೋರು ಮಳೆ ಬಂದಾಗ ಹೂಳು ಕದಡಿ, ನೀರು ಕೋಡಿಯಿಂದ ಧುಮುಕಿ, ಗಾಳಿ ಬೆರೆತು, ಎದೆಯೆತ್ತರದ ಬಿಳಿ ನೊರೆಯಾಗಿ ತಡೆಗೋಡೆ ಹತ್ತಿ ರಸ್ತೆಗೆ ಇಳಿಯುತ್ತಿತ್ತು. ನೋಡಲು ಕಾಶ್ಮೀರ, ಮೂಗಿಗೆ ಮೋರಿ. ಸ್ಕೂಟರಿನಲ್ಲಿ ಕಚೇರಿಗೆ ಹೊರಟವರು ಅದರೊಳಗೆ ಹೊಕ್ಕು ಆಚೆ ಬದಿಯಲ್ಲಿ ಗುರುತು ಸಿಗದ ಹಾಗೆ ಹೊರಬರುತ್ತಿದ್ದ ಕಾಲವದು.

ಇಷ್ಟಿದ್ದರೂ ಬ್ಲೇಡಿನ ಆಲೋಚನೆ ಹುಟ್ಟಿದ್ದು ವರ್ತೂರಿನಲ್ಲಲ್ಲ, ಅಮೆರಿಕದ ಮಿನ್ನೆಸೋಟಾದಲ್ಲಿ. ಭಾವನವರ ಮಗ ಇರುವ ಮಿನಿಯಾಪೊಲಿಸ್‌ ನಗರದಲ್ಲಿ ವರ್ಷಕ್ಕೆ ಸರಾಸರಿ 50 ಅಂಗುಲದಷ್ಟು ಹಿಮ ಬೀಳುತ್ತದೆ. ಮೊಮ್ಮಗನನ್ನು ನೋಡಲು ಹೋದ ಭಾವನವರು ಮೊಮ್ಮಗನಿಗಿಂತ ಹೆಚ್ಚು ಹೊತ್ತು ಕಿಟಕಿಯಾಚೆ ನೋಡಿದರು. ಎದುರುಗಡೆಯ ವೃದ್ಧ ರೈತರೊಬ್ಬರು 1950ರ ಸುಮಾರಿನ ಫೋರ್ಡ್‌ 8ಎನ್‌ ಟ್ರ್ಯಾಕ್ಟರಿಗೆ ಮುಂದೆ ಓರೆ ಬ್ಲೇಡು, ಹಿಂದಿನ ಚಕ್ರಗಳಿಗೆ ಸರಪಳಿ, ಟೈರಿನೊಳಗೆ ತೂಕಕ್ಕಾಗಿ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣ ಇವೆಲ್ಲವನ್ನೂ ಒದಗಿಸಿಕೊಂಡು, ಬೆಳಗಿನ ಕಾಫಿಗೆ ಮೊದಲೇ ಇಡೀ ಬೀದಿಯನ್ನು ತೆರವು ಮಾಡಿಬಿಡುತ್ತಿದ್ದರಂತೆ. ಭಾವನವರು ಅವರ ಶೆಡ್ಡಿಗೆ ಹೋಗಿ, ನೆಲದ ಮೇಲೆ ಮಲಗಿ, ಬ್ಲೇಡಿನ ಅಡಿಭಾಗದ ನಕ್ಷೆಯನ್ನೇ ಬರೆದುಕೊಂಡು ಬಂದರು. ಮೊಮ್ಮಗನ ಫೋಟೋ ತೆಗೆಯುವುದು ಮರೆತುಹೋಯಿತು ಎಂಬ ಅಕ್ಕನ ಆಕ್ಷೇಪ ಇಂದಿಗೂ ಇತ್ಯರ್ಥವಾಗಿಲ್ಲ.

ಮನೆಯ ಕೊಟ್ಟಿಗೆಯಲ್ಲಿದ್ದ ಟ್ರ್ಯಾಕ್ಟರು ಎಚ್‌ಎಂಟಿ 2511. ಜೆಕೊಸ್ಲೊವಾಕಿಯಾದ ಜೆಟಾರ್‌ ಸಂಸ್ಥೆಯ ಸಹಯೋಗದಲ್ಲಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಾಗುತ್ತಿದ್ದ, 25 ಅಶ್ವಶಕ್ತಿಯ ಯಂತ್ರ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹದಿನಾಲ್ಕು ಅಂತಸ್ತಿನ ಕಟ್ಟಡ ಎದ್ದ ಮೇಲೆ ಅದಕ್ಕೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆಸಿಕೊಳ್ಳುವುದರ ಹೊರತು ಬೇರೆ ಉದ್ಯೋಗವಿರಲಿಲ್ಲ. ಭಾವನವರ ಮಣಿಕಟ್ಟಿನಲ್ಲಿಯೂ ಎಚ್‌ಎಂಟಿ, ಕೊಟ್ಟಿಗೆಯಲ್ಲಿಯೂ ಎಚ್‌ಎಂಟಿ. ಕೇಂದ್ರ ಸರ್ಕಾರ ಗಡಿಯಾರದ ಕಂಪನಿಯನ್ನೂ ಟ್ರ್ಯಾಕ್ಟರಿನ ವಿಭಾಗವನ್ನೂ ಮುಚ್ಚಲು ಒಂದೇ ವರ್ಷದಲ್ಲಿ, 2016ರಲ್ಲಿ, ಒಪ್ಪಿಗೆ ಕೊಟ್ಟಾಗ ಅವರು ಎರಡಕ್ಕೂ ಸೇರಿಸಿ ಒಂದೇ ಸಲ ದುಃಖಪಟ್ಟರು.

ಪೀಣ್ಯದ ವೆಲ್ಡಿಂಗ್‌ ಮೇಸ್ತ್ರಿಯೊಬ್ಬರನ್ನು ಗೊತ್ತು ಮಾಡಿ ಕರೆತಂದದ್ದು ನಾನು. ಗೇಟು, ಗ್ರಿಲ್ಲು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡಿ ಪಳಗಿದ ಕೈ. ಅವರು ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ, "ಇದೇನ್‌ ಸಾರ್‌ ಮಹಾ, ಮುಂದುಗಡೆ ಎರಡು ಕಬ್ಬಿಣದ ಚಾನೆಲ್‌ ಇಟ್ಟು ವೆಲ್ಡ್‌ ಹೊಡೆದುಬಿಟ್ಟರೆ ಸಾಯಂಕಾಲಕ್ಕೆ ಮುಗೀತು" ಎಂದರು. ಭಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಟ್ರ್ಯಾಕ್ಟರಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ. ಎಂಜಿನ್ನು, ಕ್ಲಚ್‌ ಹೌಸಿಂಗು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು ಒಂದಕ್ಕೊಂದು ಬೋಲ್ಟಾಗಿ, ಅವೇ ಅದರ ಬೆನ್ನುಮೂಳೆ. ಬ್ಲೇಡನ್ನು ಮೂತಿಗೆ ಮಾತ್ರ ಸಿಕ್ಕಿಸಿದರೆ, ಅದು ಎಲ್ಲಿಗಾದರೂ ಬಡಿದಾಗ ಏಟು ನೇರವಾಗಿ ಆ ಬೋಲ್ಟುಗಳಿಗೆ ಬಿದ್ದು ಎರಕದ ಹೌಸಿಂಗು ಸೀಳುತ್ತದೆ. ಆದ್ದರಿಂದ ತಳ್ಳುವ ತೋಳುಗಳು ಹೊಟ್ಟೆಯ ಕೆಳಗಿನಿಂದ ಹಾದು ಹಿಂದಿನ ಆಕ್ಸಲ್ಲಿಗೇ ಸೇರಬೇಕು. ಇದನ್ನು ಭಾವನವರು ನಕ್ಷೆಯ ಸಮೇತ ವಿವರಿಸಿದರು. ಮೇಸ್ತ್ರಿಯವರು ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಸಾಯಂಕಾಲಕ್ಕೆ ಆಗಲ್ಲ" ಎಂದಷ್ಟೇ ಹೇಳಿದರು.

ಅಲ್ಲಿಂದ ಮುಂದೆ ನಡೆದದ್ದು ಎರಡು ಅಳತೆಗಳ ನಡುವಿನ ಯುದ್ಧ. ಒಂದು ಕಡೆ ವರ್ನಿಯರ್‌ ಕ್ಯಾಲಿಪರು, ಫೀಲರ್‌ ಗೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಡಿಯಾರದವರ ಭೂತಗನ್ನಡಿ. ಇನ್ನೊಂದು ಕಡೆ ಗೇಣು ಮತ್ತು ಸೀಮೆಸುಣ್ಣ. ತೂತು 0.2 ಮಿಲಿಮೀಟರು ಆಚೆ ಹೋಗಿದೆ ಎಂದು ಭಾವನವರು ಹೇಳಿದಾಗ ಮೇಸ್ತ್ರಿಯವರು, ತಾವು ಎಳೆದ ಸೀಮೆಸುಣ್ಣದ ಗೆರೆಯ ದಪ್ಪವೇ ಅದರ ಹತ್ತರಷ್ಟಿದೆ, ಯಾವ ಅಂಚಿನಿಂದ ಅಳೆಯುತ್ತೀರಿ ಎಂದು ವಿನಯದಿಂದ ಕೇಳಿದರು. ನನಗೆ ಎರಡೂ ಪಕ್ಷಗಳಲ್ಲಿ ನ್ಯಾಯ ಕಾಣುತ್ತಿದ್ದುದರಿಂದ ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಬ್ಲೇಡಿನ ಬಾಗಿದ ತಗಡು ಗುಜರಿಯಲ್ಲಿ ಸಿಕ್ಕಿದ ಹಳೆಯ ಬಾಯ್ಲರಿನ ಹೊಟ್ಟೆ. ನೆಲ ಮುಟ್ಟುವ ಅಂಚು ಲಾರಿಯ ಸ್ಪ್ರಿಂಗ್‌ ಪಟ್ಟಿ. ಕಲ್ಲಿಗೋ ಮ್ಯಾನ್‌ಹೋಲಿನ ಮುಚ್ಚಳಕ್ಕೋ ತಗುಲಿದರೆ ಬ್ಲೇಡು ಮುರಿಯದೆ ಮುಂದಕ್ಕೆ ಮಗುಚಿ, ಅಡೆತಡೆ ದಾಟಿದ ಮೇಲೆ ತಾನಾಗಿ ನೆಟ್ಟಗಾಗಬೇಕೆಂಬ ಏರ್ಪಾಡಿಗೆ ಜೆ.ಸಿ. ರಸ್ತೆಯಿಂದ ಆಟೋರಿಕ್ಷಾದ ಸ್ಪ್ರಿಂಗುಗಳು ಬಂದವು. ಅಂಚು ರಸ್ತೆಯನ್ನು ಕೆರೆಯದಿರಲೆಂದು ಎರಡೂ ತುದಿಗೆ ಕಬ್ಬಿಣದ ಪಾದಗಳು ಬಂದವು; ಅವುಗಳ ಎತ್ತರ ಸರಿಯಾಗಿ ಅರ್ಧ ಅಂಗುಲ, ಫೀಲರ್‌ ಗೇಜಿನ ಸಾಕ್ಷಿಯೊಂದಿಗೆ. ಚೌಕಟ್ಟನ್ನು ಬಿಗಿದು, ಬಣ್ಣ ಬಳಿದು, ಅರಿಶಿನ ಕುಂಕುಮ ಹಚ್ಚಿದ ಮೇಲೆ ಒಂದು ಸಂಗತಿ ಬೆಳಕಿಗೆ ಬಂತು: ಎಂಜಿನ್‌ ಆಯಿಲ್‌ ಇಳಿಸುವ ಬಿರಡೆಯ ನೇರ ಕೆಳಗೇ ಒಂದು ಚಾನೆಲ್‌ ಹಾದುಹೋಗಿತ್ತು. ಇನ್ನು ಮುಂದೆ ಆಯಿಲ್‌ ಬದಲಿಸಬೇಕಾದರೆ ಇಡೀ ಹಿಮಯಂತ್ರವನ್ನೇ ಕಳಚಬೇಕು. ಫೋರ್ಡಿನಲ್ಲಿ ಈ ಬಿರಡೆ ಬೇರೆ ಕಡೆ ಇತ್ತು ಎಂದು ಭಾವನವರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಎತ್ತುವ ವ್ಯವಸ್ಥೆ ಇನ್ನೂ ಸ್ವಾರಸ್ಯಕರವಾದದ್ದು. ಇಂಥ ಹಳೆಯ ಟ್ರ್ಯಾಕ್ಟರುಗಳಲ್ಲಿ ನೇಗಿಲು ಎತ್ತುವ ಹೈಡ್ರಾಲಿಕ್‌ ತೋಳುಗಳಿರುವುದು ಹಿಂಭಾಗದಲ್ಲಿ. ಎತ್ತಬೇಕಾದ ಬ್ಲೇಡು ಮುಂಭಾಗದಲ್ಲಿ. ಹಿಂದಿನ ತೋಳಿಗೆ ಕಟ್ಟಿದ ಉಕ್ಕಿನ ಹಗ್ಗವನ್ನು ರಾಟೆಗಳ ಮೇಲೆ ಹಾಯಿಸಿ ಮುಂದಕ್ಕೆ ತರಲಾಯಿತು. ಉಪಾಯ ಸೊಗಸಾಗಿಯೇ ಕೆಲಸ ಮಾಡಿತು. ಆದರೆ ಅಷ್ಟು ವರ್ಷಗಳ ಸೀಲುಗಳು ಎಣ್ಣೆಯನ್ನು ಹಿಡಿದಿಡಲಾರವು. ಎಂಜಿನ್‌ ನಿಂತ ಮೇಲೆ ಬ್ಲೇಡು ಯಾರಿಗೂ ತಿಳಿಯದ ನಿಧಾನದಲ್ಲಿ ಇಳಿಯುತ್ತಿತ್ತು. ಅಂಗಳದಲ್ಲಿ ಬಿಸಿಲು ಬೀಳುವ ಏಕೈಕ ಜಾಗದಲ್ಲಿ ಅಕ್ಕ ಮಜ್ಜಿಗೆ ಮೆಣಸಿನಕಾಯಿಯ ಮೊರ ಇಟ್ಟು ಒಳಗೆ ಹೋಗಿದ್ದಳು. ಸಂಜೆ ಬಂದು ನೋಡುವ ವೇಳೆಗೆ ಮೆಣಸಿನಕಾಯಿ ಒಣಗಿರಲಿಲ್ಲ, ಅಚ್ಚುಕಟ್ಟಾಗಿ ಚಪ್ಪಟೆಯಾಗಿತ್ತು.

ಟೈರಿನ ವಿಷಯದಲ್ಲಿ ಮಾತ್ರ ನಾನು ಬಾಯಿ ಹಾಕಿದೆ. ಮಿನ್ನೆಸೋಟಾದವರು ಟೈರಿಗೆ ಕ್ಯಾಲ್ಸಿಯಂ ಕ್ಲೋರೈಡ್‌ ತುಂಬುವುದು ಒಳಗಿನ ನೀರು ಹೆಪ್ಪುಗಟ್ಟದಿರಲೆಂದು. "ಭಾವ, ನಮ್ಮಲ್ಲಿ ಬೋರ್‌ವೆಲ್‌ ನೀರೇ ಸಾಕಲ್ಲವೇ?" ಎಂದೆ. ಅವರು ಗಂಭೀರವಾಗಿ, "1884ರಲ್ಲಿ 7.8ಕ್ಕೆ ಇಳಿದಿತ್ತು ಕಣಯ್ಯಾ, ಯಾವುದಕ್ಕೂ ಒಂದು ಅಂತರ ಇಟ್ಟುಕೊಂಡಿರಬೇಕು" ಎಂದರು. ಸರಪಳಿಯನ್ನು ಮಾತ್ರ ಕೈಬಿಟ್ಟರು, ಬಜಾರಿನಲ್ಲಿ ಸಿಕ್ಕದ್ದರಿಂದ.

ರಾತ್ರಿಯಿಡೀ ಮಳೆ ಸುರಿದ ಒಂದು ಮುಂಜಾನೆ ಅಡ್ಡರಸ್ತೆಯ ತುಂಬ ನೊರೆ ಬಂದು ನಿಂತಿತು. ಭಾವನವರು ಮಗ ಕೊಡಿಸಿದ ದಪ್ಪ ಜಾಕೀಟು ತೊಟ್ಟು, ಮಂಕಿ ಟೋಪಿ ಧರಿಸಿ ಸೀಟಿನಲ್ಲಿ ಕುಳಿತರು; ನಾನು ಕೆಂಪು ಬಟ್ಟೆ ಹಿಡಿದು ಹಿಂದೆ ನಡೆದೆ; ನೆರೆಹೊರೆಯವರು ತಾರಸಿಗಳ ಮೇಲೆ ಮೊಬೈಲು ಹಿಡಿದು ನಿಂತರು. ಇಲ್ಲಿ ಸ್ವಲ್ಪ ಭೌತಶಾಸ್ತ್ರ ಹೇಳಬೇಕು. ಹೊಸದಾಗಿ ಬಿದ್ದ ಹಗುರ ಹಿಮವೂ ಒಂದು ಘನ ಮೀಟರಿಗೆ 50ರಿಂದ 100 ಕೆ.ಜಿ. ತೂಗುತ್ತದೆ. ಆ ತೂಕ ಇರುವುದರಿಂದಲೇ ಅದು ಬ್ಲೇಡಿನ ಬಾಗಿನಲ್ಲಿ ಉರುಳಿಕೊಂಡು ಪಕ್ಕಕ್ಕೆ ಸರಿಯುತ್ತದೆ. ನೊರೆಯಲ್ಲಿರುವುದು ಬಹುಪಾಲು ಗಾಳಿ; ಅದಕ್ಕೆ ಉರುಳುವ ಶಿಸ್ತಿಲ್ಲ. ಬ್ಲೇಡು ಮುಟ್ಟಿದೊಡನೆ ಅದು ಕಾದ ಹಾಲಿನಂತೆ ಉಕ್ಕಿ, ಬ್ಲೇಡನ್ನು ದಾಟಿ, ಬಾನೆಟ್‌ ಏರಿತು. ಟ್ರ್ಯಾಕ್ಟರಿನ ಫ್ಯಾನು ಮುಂದಿನ ಜಾಲರಿಯಿಂದ ಗಾಳಿ ಎಳೆದು ಹಿಂದಕ್ಕೆ ನೂಕುತ್ತದೆ ಎಂಬುದು ಸಾಮಾನ್ಯ ಜ್ಞಾನ. ಹಿಂದೆ ಯಾರು ಕುಳಿತಿರುತ್ತಾರೆ ಎಂಬುದನ್ನು ಆ ಕ್ಷಣದವರೆಗೆ ನಾವು ಯಾರೂ ಆ ದೃಷ್ಟಿಯಿಂದ ಯೋಚಿಸಿರಲಿಲ್ಲ. ಮೊದಲು ಜಾಕೀಟು ಕಾಣದಾಯಿತು, ಆಮೇಲೆ ಟೋಪಿ. ಕೊನೆಗೆ ಎಂಜಿನ್ನಿನ ಸದ್ದು ಮಾತ್ರ ಉಳಿಯಿತು.

ಆ ರಸ್ತೆಯಲ್ಲಿ ಗುರುತು ಬಳಿಯದ ಒಂದು ಉಬ್ಬು ಇದೆ. ನೊರೆಯ ಅಡಿಯಲ್ಲಿದ್ದ ಅದನ್ನು ಬ್ಲೇಡೇ ಮೊದಲು ಪತ್ತೆ ಹಚ್ಚಿತು. ಸ್ಪ್ರಿಂಗುಗಳು ನಕ್ಷೆಯ ಪ್ರಕಾರವೇ ನಡೆದುಕೊಂಡವು. ಬ್ಲೇಡು ಮಗುಚಿತು, ಉಬ್ಬು ದಾಟಿತು, ಬೀದಿ ನಡುಗುವಂತೆ ಸದ್ದು ಮಾಡಿ ನೆಟ್ಟಗಾಯಿತು. ಆ ಪೆಟ್ಟಿಗೆ ಹಗ್ಗ ರಾಟೆಯಿಂದ ಜಾರಿತು. ಹಿಂತಿರುಗಿ ನೋಡಿದರೆ, ಸಾಗಿ ಬಂದ ದಾರಿಯನ್ನು ನೊರೆ ಆಗಲೇ ಮುಚ್ಚಿಕೊಂಡಿತ್ತು. ಮೈಯೆಲ್ಲ ತುರಿಸಿಕೊಳ್ಳುತ್ತ ಇಳಿದುಬಂದ ಭಾವನವರನ್ನು ಅಕ್ಕ ಗೇಟಿನ ಹೊರಗೇ ನಿಲ್ಲಿಸಿ, ತೋಟಕ್ಕೆ ನೀರು ಬಿಡುವ ಪೈಪು ತಿರುಗಿಸಿದಳು. ಪೈಪಿನ ನೀರು ಬಿದ್ದ ಕಡೆಯೆಲ್ಲ ಸುತ್ತಲಿನ ನೊರೆ ಕುಸಿದು ನೆಲ ಕಂಡಿತು. ಟ್ಯಾಂಕರ್‌ ನೀರಿನ ಬೆಲೆಯ ನೆನಪಾಗಿ ಅವಳು ಬೇಗನೆ ನಲ್ಲಿ ನಿಲ್ಲಿಸಿದಳು, ಭಾವನವರ ಬೆನ್ನಿನ ಭಾಗ ಇನ್ನೂ ಬಾಕಿಯಿತ್ತು. "ಬ್ಲೇಡಿನಲ್ಲಿ ದೋಷವಿಲ್ಲ, ಹಿಮದ ಗುಣಮಟ್ಟ ಸಾಲದು" ಎಂದು ಅವರು ಅಲ್ಲಿಂದಲೇ ಹೇಳಿದರು.

ಮುಂದೆ ಸೇತುವೆಯ ಬದಿಗೆ ನೊರೆ ತಡೆಯುವ ಎತ್ತರದ ಬಲೆಗಳು ಬಂದವು. ಬ್ಲೇಡನ್ನು ಮತ್ತೆ ಗುಜರಿಗೆ ಹಾಕುವ ಮಾತು ನಡೆಯುತ್ತಿರುವಾಗ ಒಂದು ಮಳೆಗೆ ರಾಜಕಾಲುವೆ ಉಕ್ಕಿ, ಅಡ್ಡರಸ್ತೆಯ ಉದ್ದಕ್ಕೂ ಹೂಳು ಬಿಟ್ಟುಹೋಯಿತು. ಹೂಳಿಗೆ ತೂಕವಿದೆ, ಶಿಸ್ತೂ ಇದೆ. ಓರೆಯಾಗಿ ನಿಂತ ಬ್ಲೇಡು ಅದನ್ನು ಸುರುಳಿ ಸುತ್ತುತ್ತ ಒಂದೇ ಬದಿಗೆ ಸರಿಸಿತು. ಹಿಂದೆ ಅರ್ಧ ಅಂಗುಲ ಮಾತ್ರ ಉಳಿಯಿತು, ಗೇಜು ಇಟ್ಟು ನೋಡಿದರೂ ಅಷ್ಟೇ. ಬಲಬದಿಯ ಮನೆಗಳ ಗೇಟುಗಳ ಮುಂದೆ ಮೊಣಕಾಲೆತ್ತರದ ಹೂಳಿನ ದಿಣ್ಣೆ ಉದ್ದಕ್ಕೆ ಎದ್ದಿತ್ತು. ಒಬ್ಬರ ಕಾರೂ ಹೊರಗೆ ಬರುವಂತಿರಲಿಲ್ಲ. ಬಲಬದಿಯವರೆಲ್ಲ ಸೇರಿ ಜಗಳಕ್ಕೆ ಬಂದಾಗ ಭಾವನವರ ಮುಖದಲ್ಲಿ ಕಂಡದ್ದು ಅಪ್ಪಟ ಸಂತೋಷ. ಮಿನಿಯಾಪೊಲಿಸ್ಸಿನಲ್ಲಿಯೂ ಜನ ಹಿಮಯಂತ್ರದ ಮೇಲೆ ಮಾಡುವ ದೂರು ಇದೇ, ಪ್ರತಿಯೊಬ್ಬರ ಗೇಟಿಗೂ ದಿಣ್ಣೆ ಒಡ್ಡಿ ಹೋಗುತ್ತದೆ ಎಂದು, ಎಂದು ಅವರಿಗೆ ಸಮಾಧಾನವಾಗಿ ವಿವರಿಸಿದರು.

ಬ್ಲೇಡಿನ ಓರೆಯನ್ನು ಎಡಕ್ಕೆ ತಿರುಗಿಸಲು ಹೊಸ ತೂತು ಕೊರೆಯಬೇಕು. ಮೇಸ್ತ್ರಿಯವರು ಸೀಮೆಸುಣ್ಣ ಹಿಡಿದು ಬಂದಿದ್ದಾರೆ, ಭಾವನವರು ಕ್ಯಾಲಿಪರು ಹುಡುಕುತ್ತಿದ್ದಾರೆ. ಸುದ್ದಿ ತಿಳಿದ ಎಡಬದಿಯವರು ಆಗಲೇ ಗೇಟಿನ ಹತ್ತಿರ ನಿಂತು ಕರೆಗಂಟೆ ಒತ್ತುತ್ತಿದ್ದಾರೆ.