ನೆಪೋಲಿಯನ್‌ಗಿಂತ ಹಳೆಯ ಹೆಸರುಗಳಿವು

ಡಚ್ಚರ ಮನೆತನಗಳಿಗಿರುವ ಪ್ರಾಣಿ ಹೆಸರುಗಳ ಬಗ್ಗೆ ನೀವು ಲೇಖನ ಬರೆದದ್ದು ಖುಷಿಯಾಯಿತು. ಆದರೆ 1811ರಲ್ಲಿ, ಆಗ ಡಚ್ಚರ ನಾಡನ್ನೂ ಆಳುತ್ತಿದ್ದ ನೆಪೋಲಿಯನ್, ಎಲ್ಲರೂ ಮನೆತನದ ಹೆಸರು ನೋಂದಾಯಿಸಿ ಎಂದಾಗ ಜನ ತಮಾಷೆಗೆ ಬರೆಸಿದ ಹೆಸರುಗಳು ಇವು ಅಂತ ಅದರಲ್ಲಿ ಬರೆದಿರೋದನ್ನು ದಯವಿಟ್ಟು ತಿದ್ದಿ. ನರಿಯ 'ಫೋಸ್', ತೋಳದ 'ಡಿ ವೋಲ್ಫ್', ಹುಂಜದ 'ಡಿ ಹಾನ್' ಅದಕ್ಕೆ ಎಷ್ಟೋ ಮೊದಲೇ ಬಳಕೆಯಲ್ಲಿದ್ದವು.

ಮನೆಗಳಿಗೆ ನಂಬರ್ ಇಲ್ಲದ ಕಾಲ. ಆಮ್‌ಸ್ಟರ್‌ಡ್ಯಾಮ್‌ನಂಥ ಊರುಗಳಲ್ಲಿ ಮುಂಗೋಡೆಗೆ ಕೆತ್ತನೆಯ ಕಲ್ಲು ಕೂರಿಸಿ ಬಣ್ಣ ಹಚ್ಚುತ್ತಿದ್ದರು. ಕಲ್ಲಿನಲ್ಲಿ ಹುಂಜ ಇದ್ದರೆ ಅದು ಹುಂಜದ ಮನೆ, ಒಳಗೆ ಬ್ರೆಡ್ ಮಾಡುವವನಿರಲಿ, ಹೆಂಡ ಮಾರುವವನಿರಲಿ, ಊರ ಬಾಯಲ್ಲಿ ಅವನೂ ಹುಂಜ! ಅಂಥ ಕಲ್ಲುಗಳು ಹಳೇ ಬೀದಿಗಳಲ್ಲಿ ಇವತ್ತಿಗೂ ಇವೆ, ನೋಡಲೇಬೇಕು.

ಎಲ್ಲವೂ ಮನೆಯಿಂದಲೇ ಬಂದವಲ್ಲ. ಕೆಂಚುಗೂದಲಿನವರನ್ನೂ ಚಾಲಾಕಿಗಳನ್ನೂ ಫೋಸ್ ಎಂದು ಕರೆಯುವುದಿತ್ತು. ಯಹೂದಿ ಕುಟುಂಬಗಳ 'ಡಿ ಲೇವ್' ಅಂದರೆ ಸಿಂಹ; ಬೈಬಲಿನಲ್ಲಿ ಯಾಕೋಬನು ಮಗ ಯೆಹೂದನನ್ನು ಸಿಂಹದ ಮರಿ ಎಂದು ಹರಸುವುದರ ನೆನಪು ಅದರಲ್ಲಿದೆ. ಇಷ್ಟು ಮುಖ್ಯವಾದದ್ದು ಲೇಖನದಲ್ಲಿ ಬಿಟ್ಟುಹೋಗಿದೆ.

ಇನ್ನೊಂದು, ವಜ್ರದ ಡಿ ಬಿಯರ್ಸ್ ಕಂಪನಿಗೆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದಲ್ಲಿ ಜಮೀನು ಹೊಂದಿದ್ದ ಡಿ ಬಿಯರ್ ಸಹೋದರರಿಂದ. ಅದೂ ಪ್ರಾಣಿಯ ಹೆಸರೇ, ಡಚ್ ಭಾಷೆಯಲ್ಲಿ 'ಬಿಯರ್' ಅಂದರೆ ಕರಡಿ.