ಪೇಟೆಯ ಹೆಸರು, ಸೆಕ್ಟರ್ ನಂಬರು

ದೊಡ್ಡ ನಗರಕ್ಕಿಂತ ಹೊರವಲಯದ ಬಡಾವಣೆಯೇ ಸಂಸಾರಕ್ಕೆ ಹಿತ, ಅಲ್ಲಿ ಊರಿನ ಗುರುತೂ ಉಳಿಯುತ್ತದೆ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಮೊದಲ ಮಾತು ಸರಿ. ಎರಡನೆಯದನ್ನು ಒಪ್ಪುವುದು ಬಾಗಲಕೋಟೆಯವನಾದ ನನಗೆ ಕಷ್ಟ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಡೆಯಾದಾಗ ಸಂತ್ರಸ್ತರಿಗಾಗಿ ಕಟ್ಟಿದ ನವನಗರದಲ್ಲಿ ಅಗಲವಾದ ರಸ್ತೆಗಳಿವೆ, ಮಕ್ಕಳು ಆಡುವಷ್ಟು ಬಯಲಿದೆ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವ ನನ್ನ ತಮ್ಮ ರಜೆಗೆ ಬಂದಾಗ ಮಕ್ಕಳನ್ನು ಹೊರಗೆ ಬಿಟ್ಟು ನಿಶ್ಚಿಂತೆಯಿಂದ ಚಹಾ ಕುಡಿಯುತ್ತಾನೆ. ಆದರೆ ಕಿಲ್ಲಾ, ಹೊಸಪೇಟೆ, ಜೈನಪೇಟೆ, ಹಳಪೇಟೆ, ವೆಂಕಟಪೇಟೆ ಎಂಬ ಹಳೆಯ ಊರಿನ ಪೇಟೆಗಳ ಹೆಸರುಗಳ ಜಾಗದಲ್ಲಿ ಇಲ್ಲಿರುವುದು ಬರೀ ಸೆಕ್ಟರ್ ನಂಬರು. (ನಮ್ಮ ತಾಯಿ ಇಂದಿಗೂ ಆಟೋದವರಿಗೆ ನಂಬರು ಹೇಳುವುದಿಲ್ಲ, 'ಕಿಲ್ಲಾದಾಗ ಇದ್ರಲ್ಲ, ಅವರ ಮನಿ ಹಿಂದ' ಎನ್ನುತ್ತಾರೆ, ಆಟೋದ ಹುಡುಗ ಕಣ್ಣುಕಣ್ಣು ಬಿಡುತ್ತಾನೆ.) ಹೋಳಿ ಬಂತೆಂದರೆ ಹಲಗಿಯ ಸದ್ದು ಕೇಳಲು, ಬ್ಯಾರಲ್‌ಗಳಲ್ಲಿ ಬಣ್ಣ ತುಂಬಿಕೊಂಡು ಸಾಗುವ ಬಂಡಿಗಳನ್ನು ನೋಡಲು ಮಕ್ಕಳನ್ನು ಬೈಕಿನ ಮುಂದೆ ಕೂರಿಸಿಕೊಂಡು ನಾವು ಹಳೆಯ ಊರಿಗೇ ಹೋಗುತ್ತೇವೆ, ಬಣ್ಣದ ಬಂಡಿಗಳು ಹೊರಡುವುದು ಇಂದಿಗೂ ಆ ಪೇಟೆಗಳ ಹೆಸರಿನಲ್ಲೇ ಹೊರತು ಸೆಕ್ಟರುಗಳ ಹೆಸರಿನಲ್ಲಲ್ಲ.